ಸರಾಸರಿ ಶುದ್ಧವಾಗಿರುವ ನಮ್ಮ ಈಜುಕೊಳದ ಬಗ್ಗೆ, ಪಂಪಿಗೆ ಮೊಹರು ಹಾಕಿದವರಿಗೆ

ಸಾರ್ವಜನಿಕ ಈಜುಕೊಳಗಳ ಮಾನ್ಯ ಮೇಲಧಿಕಾರಿಗಳೇ,

ಪಂಪಿನ ಸ್ವಿಚ್ಚಿನ ಮೇಲೆ ನೀವು ಹಾಕಿಸಿರುವ ಅರಗಿನ ಮೊಹರನ್ನು ದಯವಿಟ್ಟು ತೆಗೆಸಿ. ನನ್ನ ದೂರು ಇಷ್ಟೇ. ಪತ್ರವನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಚಿಕ್ಕ ಪತ್ರಗಳನ್ನು ನಿಮ್ಮ ಕಚೇರಿ ಓದುವುದಿಲ್ಲವೆಂದು ಹಿಂದಿನ ಮೂರು ಪತ್ರಗಳಿಂದ ಅರ್ಥವಾಗಿದೆ. ಅದಕ್ಕೇ ಈ ಸಲ ಉದ್ದಕ್ಕೆ ಬರೆದು, ಒಂದು ಪ್ರತಿಯನ್ನು ಕೊಳದ ಗೇಟಿಗೂ ಅಂಟಿಸಿದ್ದೇನೆ. ಹೋಗಿಬರುವವರು ನಿಂತು ಓದುತ್ತಿದ್ದಾರೆ.

ಹದಿನಾಲ್ಕು ವರ್ಷದಿಂದ ಈ ಕೊಳದ ನೀರು ನೋಡಿಕೊಳ್ಳುತ್ತಿರುವವನು ನಾನು. ಚಳಿಗಾಲಕ್ಕೆ ಹೊದಿಕೆ ಎಳೆದು ಮುಚ್ಚುತ್ತೇವೆ, ವಸಂತಕ್ಕೆ ತೆಗೆಯುತ್ತೇವೆ. ತೆಗೆದಾಗ ನೀರು ಹಸಿರಾಗಿರುತ್ತದೆ. ಐದು ತಿಂಗಳು ಮುಸುಕು ಹಾಕಿಕೊಂಡು ಮಲಗಿದವರು ಯಾರೂ ಎದ್ದ ಕೂಡಲೇ ಲಕ್ಷಣವಾಗಿ ಕಾಣುವುದಿಲ್ಲ. ಬಲೆ ಹಾಕಿ ಎಲೆಕಸ ಎತ್ತಿ, ಕ್ಲೋರಿನ್ ಬಿಟ್ಟು, ಪಂಪು ಓಡಿಸಿದರೆ ಮೂರು ದಿನದಲ್ಲಿ ತಳದ ಟೈಲ್ಸ್ ಎಣಿಸಬಹುದಿತ್ತು. ಈ ವರ್ಷ ನಿಮ್ಮ ಸುತ್ತೋಲೆ ಬಂತು: ‘ಪಂಪಿನ ಬಾಳಿಕೆಯ ಹಿತದೃಷ್ಟಿಯಿಂದ, ನೀರು ಸ್ವಚ್ಛವಾಗಿದೆಯೆಂದು ಪರೀಕ್ಷೆಯಲ್ಲಿ ದೃಢಪಡುವವರೆಗೆ ಪಂಪನ್ನು ಚಾಲನೆ ಮಾಡತಕ್ಕದ್ದಲ್ಲ.’

ಮಾನ್ಯರೇ, ನೀರು ಸ್ವಚ್ಛವಾಗುವುದೇ ಪಂಪು ಓಡಿದರೆ. ಹುಚ್ಚು ಬಿಡುವವರೆಗೆ ಮದುವೆಯಾಗದು, ಮದುವೆಯಾಗುವವರೆಗೆ ಹುಚ್ಚು ಬಿಡದು ಎಂಬ ಗಾದೆಗೆ ಸಹಿ ಹಾಕಿ, ಕ್ರಮಸಂಖ್ಯೆ ಕೊಟ್ಟು, ಜಾರಿಗೆ ತಂದ ಮೊದಲ ಕಚೇರಿ ನಿಮ್ಮದೇ ಇರಬೇಕು. ಪೊರಕೆ ಕೊಳೆಯಾಗುತ್ತದೆಂದು, ಮನೆ ಸ್ವಚ್ಛವಾದ ಮೇಲೆಯೇ ಪೊರಕೆ ಮುಟ್ಟಬೇಕೆಂಬ ನಿಯಮ ತಮ್ಮ ಮನೆಯಲ್ಲೂ ಇದೆಯೇ? ಇದ್ದರೆ ಮನೆಯವರು ಏನನ್ನುತ್ತಾರೆ?

ಆದರೂ ನಾನು ವಿಧೇಯ ನೌಕರ. ನಿಮ್ಮ ಗುಮಾಸ್ತರಿಗೆ ಫೋನ್ ಮಾಡಿ ಕೇಳಿದೆ.

“ಕ್ಲೋರಿನ್ ಹಾಕಿ ಚೆನ್ನಾಗಿ ಕಲಸಿಬಿಡಿ. ಅದಕ್ಕೇನು ಪಂಪೇ ಬೇಕಾ?” ಅಂದರು.

“ಇಪ್ಪತ್ತೈದು ಮೀಟರ್ ಕೊಳ ಸಾರ್. ಯಾವುದ್ರಲ್ಲಿ ಕಲಸ್ಲಿ?”

“ಅದು ಸುತ್ತೋಲೇಲಿ ಇಲ್ಲ. ನಿಮ್ಮ ಮಟ್ಟದಲ್ಲೇ ನೋಡ್ಕೊಳ್ಳಿ.”

ನನ್ನ ಮಟ್ಟದಲ್ಲಿ ಇದ್ದದ್ದು ಒಂದು ಬಕೆಟ್, ಗೋಡೆ ಉಜ್ಜುವ ಉದ್ದ ಹಿಡಿಯ ಬ್ರಷ್ ಮತ್ತು ನನ್ನ ಅಕ್ಕ.

ಅಕ್ಕನ ವಿಷಯ ಇಲ್ಲಿ ಹೇಳಲೇಬೇಕು. ಮೂವತ್ತೆರಡು ವರ್ಷ ಹೊಲಿಗೆ ಯಂತ್ರ ತುಳಿದು ಎರಡೂ ಮಂಡಿ ಸವೆಸಿಕೊಂಡವಳು. ನೆಲದ ಮೇಲೆ ಅವಳಿಗೆ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ನನ್ನ ಹೆಗಲು ಬೇಕು. ನೀರಿಗಿಳಿದರೆ ಎರಡೂ ಬೇಡ. ಎದೆಮಟ್ಟದ ನೀರಲ್ಲಿ ಈ ದಡದಿಂದ ಆ ದಡಕ್ಕೆ ಸರಸರ ನಡೆದು, “ಏನೋ, ನಿಂಗೆ ವಯಸ್ಸಾಯ್ತಾ?” ಎಂದು ತಿರುಗಿ ನನ್ನನ್ನೇ ಕೇಳುತ್ತಾಳೆ. ಐದು ತಿಂಗಳು ಅವಳು ಕಾದದ್ದು ಇದೊಂದಕ್ಕೇ.

ಬಕೆಟ್ಟಿನ ನೀರಿನಲ್ಲಿ ಕ್ಲೋರಿನ್ ಕರಗಿಸಿ ಸುರಿದೆ, ಬ್ರಷ್ಷಿನಿಂದ ತಿರುವಿದೆ. ಅಕ್ಕ ದಡದಲ್ಲಿ ಸ್ಟೂಲ್ ಹಾಕಿಕೊಂಡು ಕೂತು, “ಬಿಡದೆ ತಿರುವೋ, ಗಂಟಾಗತ್ತೆ!” ಎಂದು ಹುರಿದುಂಬಿಸಿದಳು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚುವುದೆಂದರೆ ಏನೆಂದು ಮೂರು ದಿನ ಅನುಭವಿಸಿದೆ. ಒಂದು ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಸಾಮಾನಿನ ಕೋಣೆ ಇರುವುದು ಆಳವಿಲ್ಲದ ತುದಿಯಲ್ಲಿ, ಬಕೆಟ್ ಭಾರ, ನನ್ನ ಸೊಂಟ ಹಳೆಯದು. ಹಾಗಾಗಿ ಸುರಿದದ್ದೆಲ್ಲ ಆ ತುದಿಗೇ. ಆಳದ ತುದಿಗೆ ಬರೀ ಹಾರೈಕೆ ತಲುಪಿತು.

ನಾಲ್ಕನೆಯ ದಿನ ನಿಮ್ಮ ಪರೀಕ್ಷಕರು ಬಂದು ಎರಡು ತುದಿಯಿಂದ ಎರಡು ಬಾಟಲಿ ನೀರು ತುಂಬಿಸಿಕೊಂಡರು. ಮೊದಲನೆಯದರ ವಾಸನೆಗೆ ಅವರಿಗೇ ಕೆಮ್ಮು ಬಂತು. ಎರಡನೆಯದರಲ್ಲಿ ಒಂದು ಗೊದಮೊಟ್ಟೆ ಬಾಲ ಅಲ್ಲಾಡಿಸುತ್ತಿತ್ತು. “ಇದನ್ನೂ ಬರ್ಕೊಳ್ಳಿ ಸಾರ್,” ಅಂದೆ. “ಗೊದಮೊಟ್ಟೆಗೆ ಫಾರಮ್ಮಲ್ಲಿ ಜಾಗ ಇಲ್ಲ,” ಅಂದರು.

ವಾರದ ನಂತರ ನಿಮ್ಮ ಆದೇಶ ಬಂತು. ಒಂದು ತುದಿಯಲ್ಲಿ ಕ್ಲೋರಿನ್ ವಿಪರೀತ, ಇನ್ನೊಂದರಲ್ಲಿ ಸೊನ್ನೆ. ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸಿದಾಗ ಸರಾಸರಿ ಪ್ರಮಾಣ ಅತ್ಯಂತ ತೃಪ್ತಿಕರ. ಆದ್ದರಿಂದ ಕೊಳವನ್ನು ಕೂಡಲೇ ತೆರೆಯತಕ್ಕದ್ದು. ಕೊನೆಯ ಸಾಲು ನನಗೆ ಬಾಯಿಪಾಠ: ‘ನೀರು ಈಗಾಗಲೇ ಯೋಗ್ಯವಾಗಿರುವುದರಿಂದ ಪಂಪಿನ ಚಾಲನೆಯ ಅಗತ್ಯ ಕಂಡುಬರುವುದಿಲ್ಲ.’

ಎಂಥ ಗಣಿತ! ಈ ಲೆಕ್ಕದಲ್ಲಿ ಬಾಟಲಿಗೆ ಅರ್ಧ ಗೊದಮೊಟ್ಟೆ ಆಯಿತು. ಮುಂದಿನ ಅರ್ಧ ಯಾರ ಪಾಲಿಗೆ, ಹಿಂದಿನ ಅರ್ಧ ಯಾರ ಪಾಲಿಗೆ? ಒಂದು ಕಡೆ ಚರ್ಮ ಸುಡುವ, ಇನ್ನೊಂದು ಕಡೆ ವಟಗುಟ್ಟುವ ಕೊಳಕ್ಕೆ ಜನರನ್ನು ನಾನು ಹೇಗೆ ಬಿಡಲಿ? ಗೇಟು ತೆರೆಯಲಿಲ್ಲ. ‘ಏಕೆ ತೆರೆದಿಲ್ಲ?’ ಎಂದು ನೀವು ನೋಟಿಸು ಕಳಿಸಿದಿರಿ.

ಆದೇಶದ ಸುದ್ದಿ ಕೇಳಿ ಗೇಟಿಗೆ ಮೊದಲು ಬಂದವಳು ಅಕ್ಕನೇ. ಟವೆಲ್ಲು, ತಾನೇ ಹೊಲಿದ ಕಡುನೀಲಿ ಈಜುಡುಗೆ, ಎಲ್ಲ ಚೀಲದಲ್ಲಿತ್ತು. ಅವಳನ್ನು ತಡೆದವನು ನಾನು. ಹದಿನಾಲ್ಕು ವರ್ಷದಲ್ಲಿ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ.

“ಸರ್ಕಾರದೋರು ಸರಿಯಿದೆ ಅಂದಿದಾರಲ್ಲೋ,” ಅಂದಳು.

“ಸರಾಸರಿ ಸರಿಯಿದೆ ಅಕ್ಕ.”

ಅವಳು ಚೀಲದಿಂದ ಈಜುಡುಗೆ ತೆಗೆದು ನನ್ನ ಕೈಗಿಟ್ಟಳು. “ಬ್ರಷ್ಷಿನ ಹಿಡಿಗೆ ಕಟ್ಟು. ಎಡ ಅರ್ಧ ಈ ತುದೀಲಿ ಅದ್ದು, ಬಲ ಅರ್ಧ ಆ ತುದೀಲಿ ಅದ್ದು. ಒಂದೊಂದು ದಿನ ಬಿಡು. ಬಟ್ಟೆ ಸುಳ್ಳು ಹೇಳಲ್ಲ.”

ಬಟ್ಟೆ ಸುಳ್ಳು ಹೇಳಲಿಲ್ಲ. ಎಡ ಅರ್ಧ ಬೂದಿಬಣ್ಣಕ್ಕೆ ತಿರುಗಿತು, ಬಲ ಅರ್ಧಕ್ಕೆ ಪಾಚಿ ಹಿಡಿಯಿತು. ಅದನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ. ಸರಾಸರಿ ಅದು ಈಗಲೂ ಒಳ್ಳೆಯ ಬಟ್ಟೆಯೇ.

ಈಗ ನನ್ನ ಬೇಡಿಕೆ. ಮೊಹರು ತೆಗೆಸಿ, ಮೂರು ದಿನ ಪಂಪು ಓಡಲು ಬಿಡಿ, ಆಮೇಲೆ ಎಷ್ಟು ಬಾಟಲಿ ಬೇಕಾದರೂ ತುಂಬಿಸಿಕೊಂಡು ಹೋಗಿ. ಅದು ಆಗದಿದ್ದರೆ ತಾವೇ ದಯಮಾಡಿಸಿ, ಈ ತುದಿಯಿಂದ ಆ ತುದಿಗೆ ಒಮ್ಮೆ ಈಜಿ ತೋರಿಸಿ. ಟವೆಲ್ ನಮ್ಮದು. ಅದೂ ಆಗದಿದ್ದರೆ ಒಂದು ಚಿಕ್ಕ ಆದೇಶವನ್ನಾದರೂ ಹೊರಡಿಸಿ: ಅಕ್ಕನಿಗೆ ಎರಡು ಮಂಡಿ ನೋವು, ನನಗೆ ಒಂದೂ ಇಲ್ಲ. ಸರಾಸರಿ ತೆಗೆದು ಒಂದನ್ನು ನನಗೆ ವರ್ಗಾಯಿಸಿಕೊಡಿ. ನಿಮ್ಮ ಗಣಿತಕ್ಕೆ ಇಷ್ಟು ಸಾಧ್ಯವಾದರೆ, ಪಂಪಿನ ಮಾತನ್ನು ಇನ್ನು ಎತ್ತುವುದಿಲ್ಲ. ಅಕ್ಕ ಹೊಸ ಈಜುಡುಗೆ ಕತ್ತರಿಸಲು ಕೂತಿದ್ದಾಳೆ. ಹೊಲಿದು ಮುಗಿಸುವುದಕ್ಕೆ ಅವಳಿಗೆ ಮೂರು ದಿನ ಸಾಕು, ಪಂಪಿಗೂ ಅಷ್ಟೇ ಸಾಕು.

ಇಂತಿ,
ಬ್ರಷ್ ಹಿಡಿದು ದಡ ಸುತ್ತುತ್ತಿರುವ,
ಸದರಿ ಪಂಪಿನ ಹುದ್ದೆಯಲ್ಲಿ ತಾತ್ಕಾಲಿಕವಾಗಿ ಕಾರ್ಯನಿರ್ವಹಿಸುತ್ತಿರುವ ನೌಕರ