ಪಾಲಿಶ್‌ನಲ್ಲಿ ಅಳಿದ ಅಕ್ಷರ

ಬೆಳಿಗ್ಗೆ ಎಂಟು ಗಂಟೆ. ತಮ್ಮಾ, ನಮ್ಮ ಫೋನೋಗ್ರಾಫಿನ ಎರಡು ಸೂಜಿಪೆಟ್ಟಿಗೆಗಳಲ್ಲಿ ಯಾವುದು ಯಾವ ಬಗೆಯ ಉರುಳೆಗೆ ಎಂದು ನಿನ್ನೆ ಹಳೇ ಸಾಮಾನಿನ ವ್ಯಾಪಾರಿಗೂ ಗೊತ್ತಾಗಲಿಲ್ಲ. ನೀನು ಪಾಲಿಶ್ ಹಾಕಿ ತಿಕ್ಕಿದ್ದರಿಂದ ಗುರುತಿನ ಅಕ್ಷರಗಳೇ ಅಳಿಸಿಹೋಗಿವೆ.

“ಹೊಳಪಿಗೆ ಬೆಲೆ ಇಲ್ಲಮ್ಮ, ಬೆಲೆ ಇದ್ದದ್ದು ಅಕ್ಷರಕ್ಕೆ” ಎಂದ ವ್ಯಾಪಾರಿ.

ಬೆಲೆ ಹಾಳಾಗಲಿ. ತಪ್ಪು ಸೂಜಿ ತಾಗಿದರೆ ದನಿ ಮುದ್ರಿಸಿದ ಮೇಣದ ಉರುಳೆ ಕೆರೆದುಹೋಗುತ್ತದೆ. ಅಪ್ಪನ ಅಜ್ಜಿಯ ದನಿ ಇರುವುದು ಅದೊಂದರಲ್ಲೇ.

ಇನ್ನು ಯಾವುದನ್ನೂ ಒರೆಸಬೇಡ. ಉರುಳೆಯನ್ನು ಬಿಸಿಲಿಗೆ ಇಡಬೇಡ. ನಿನ್ನ ತಿಂಡಿ ಒಲೆಯ ಮೇಲಿದೆ, ನಾನೇನೂ ಮುನಿಸಿಕೊಂಡಿಲ್ಲ.

ಅಪ್ಪನಿಗೆ ತಡೆಯಲಾಗುತ್ತಿಲ್ಲ. “ಯಾವುದಾದ್ರೂ ಒಂದು ಹಾಕೇ, ಕೇಳೇಬಿಡೋಣ” ಅಂದರು. ಫೋನೋಗ್ರಾಫಿಗೆ ಕೀಲಿ ಕೊಡುವ ಹಿಡಿಯಿಲ್ಲದೆ ಅದು ತಿರುಗದು; ಅದನ್ನೇ ಬ್ಯಾಗಿಗೆ ಹಾಕಿಕೊಂಡು, ಈ ಚೀಟಿ ಬರೆದಿಟ್ಟು ಕೆಲಸಕ್ಕೆ ಹೊರಟಿದ್ದೇನೆ.