ರಾಜ ಬೇಡ, ಸಖಿಯರು ಸಾಕು

ಫೆಬ್ರವರಿ ೧೧, ಬುಧವಾರ.

ಸೊಸೆ ತವರಿನಿಂದ ತಂದ ಮೀನುಗಳು ನನ್ನ ದನಿ ಕೇಳಿದರೆ ಸಾಕು, ಗಾಜಿನ ತೊಟ್ಟಿಯ ಕಲ್ಲಿನ ಹಿಂದೆ ಮಾಯ! ಅವಳೂ ಹಾಗೆಯೇ. ನಾನು ಹಜಾರಕ್ಕೆ ಬಂದರೆ ಕೋಣೆ ಸೇರುತ್ತಾಳೆ. ಇದೇ ಕೊರೆಯುತ್ತಿದೆ.

ಧೈರ್ಯದ ಮೀನು ಜೊತೆಗಿದ್ದರೆ ಅಂಜುಬುರುಕ ಮೀನುಗಳೂ ಹೊರಬರುತ್ತವಂತೆ. ಸಾಕುಮೀನಿನ ಅಂಗಡಿಗೆ ಹೋಗಿ, ಉಳಿದ ಮೀನುಗಳನ್ನೆಲ್ಲ ಅಟ್ಟಾಡಿಸುತ್ತಿದ್ದ ಪಟ್ಟೆಮೀನನ್ನು ತೋರಿಸಿ, "ಇವನೇ ನಮ್ಮ ನಾಯಕ!" ಎಂದು ಘರ್ಜಿಸಿದೆ.

ಅಂಗಡಿಯಾಕೆ ನಕ್ಕಳು. "ಅಯ್ಯೋ ಯಜಮಾನ್ರೇ, ನಿಮ್ಮಂಥ ಮೀನು ಬೇಡ. ಅದು ಬಂದ್ರೆ ಇರೋವು ಕಲ್ಲಿಗೇ ಅಂಟ್ಕೋತವೆ. ಮೇಲ್ಗಡೆ ತಮ್ಮ ಪಾಡಿಗೆ ಗುಂಪಾಗಿ ಓಡಾಡೋವು ತಗೊಳ್ಳಿ. ಅವು ಹೆದರದೆ ಇರೋದು ನೋಡಿದ್ರೆ ಇವಕ್ಕೂ ಧೈರ್ಯ ಬರತ್ತೆ."

ನಿಮ್ಮಂಥ ಮೀನು! ದಾರಿಯುದ್ದಕ್ಕೂ ಚುಚ್ಚಿತು. ರಂಗದ ಮೇಲೆ ಸದಾ ರಾಜನಾಗಿ ಅಬ್ಬರಿಸಿದವನು ನಾನು; ನಾಟಕದಲ್ಲಿ ಸುಮ್ಮನೆ ಹೂ ಕಟ್ಟುತ್ತ ಕೂರುವ ಸಖಿಯರನ್ನು ಎಂದೂ ಲೆಕ್ಕಕ್ಕಿಟ್ಟವನಲ್ಲ.

ಸಂಜೆ ಪುಟ್ಟ ಬೆಳ್ಳಿಮೀನುಗಳನ್ನು ತೊಟ್ಟಿಗೆ ಬಿಟ್ಟು, ಬಾಯಿ ಹೊಲಿದುಕೊಂಡು ಕೂತೆ. ಕಲ್ಲಿನಾಚೆಯಿಂದ ಮೊದಲು ಒಂದು ಮೂತಿ, ಆಮೇಲೆ ಇಡೀ ಮೈ ಬಂತು. ಗಂಟಲಿಗೆ ಬಂದ "ಭಲೇ!" ನುಂಗಿದೆ. ಹಿಂದೆ ಕುರ್ಚಿ ಎಳೆದ ಸದ್ದು.

"ಬಂದ್ವಾ ಮಾವ?" ಸೊಸೆಯ ಪಿಸುಮಾತು.

"ಬಂದ್ವು ಕಣಮ್ಮ." ನನ್ನದೂ ಪಿಸುಮಾತೇ! ಅಷ್ಟು ಸಣ್ಣ ದನಿ ನನ್ನಲ್ಲಿರುವುದು ನನಗೇ ಗೊತ್ತಿರಲಿಲ್ಲ.

ಊಟದ ಹೊತ್ತಿನವರೆಗೂ ಅವಳು ಎದ್ದು ಹೋಗಲಿಲ್ಲ. ನಡುವೆ ನನಗೊಂದು ಸೀನು ಬಂದಿತ್ತು. ಅದನ್ನು ಹೇಗೆ ತಡೆದೆನೋ, ಆ ಪರಮಾತ್ಮನೇ ಬಲ್ಲ!