ಬಣ್ಣದ ಬಾವಿಯ ಐದನೇ ಚಿತ್ರ

ಮಾದನಗಟ್ಟಿ,
ಫೆಬ್ರವರಿ 30, 2194

ಮಾದನಗಟ್ಟಿ ನಗರಸಭೆಯ 2036ನೇ ಇಸವಿಯ ಸದಸ್ಯರಿಗೆ, ಹಾಗೂ ಅವರನ್ನು ಆರಿಸಿ ಕಳಿಸಿದ ಊರವರಿಗೆ,

2036ರ ಮಾರ್ಚ್ 14ರ ಶುಕ್ರವಾರ ನೀವು ಸಭೆ ಸೇರಿ, ಊರಿನ ಹಳೆಯ ಫೋಟೊ ಸ್ಟುಡಿಯೊದಿಂದ ಬಂದಿದ್ದ ನಲವತ್ತೊಂದು ಸಾವಿರ ನೆಗೆಟಿವ್‌ಗಳನ್ನು ಬೆಳ್ಳಿ ತೆಗೆಯುವವರಿಗೆ ಕೊಟ್ಟು, ಅಂದೇ ಕರಗಿಸಿದಿರಿ. ಠರಾವಿನ ಮಾತು ನನ್ನೆದುರಿಗಿದೆ: ‘ನಕಲು ಸಿದ್ಧವಿರುವುದರಿಂದ ಅಸಲು ಅನಾವಶ್ಯಕ.’ ಊರಿನ ಯಾವ ಚಿತ್ರವಾದರೂ ಇನ್ನು ಮುಂದೆ ಮಂಜೂರಾದ ನಕ್ಷೆಗೆ ಹೊಂದಿರಬೇಕು ಎಂದು ಅದೇ ಠರಾವಿನ ಎರಡನೇ ಕಲಮು ಹೇಳುತ್ತದೆ. ಆ ನಕ್ಷೆಯಲ್ಲಿ ನಮ್ಮ ಓಣಿಯ ಬಾವಿ ಇರಲಿಲ್ಲ, ಹಾಗಾಗಿ ನಕಲುಗಳಿಂದಲೂ ಅದನ್ನು ಒರೆಸಲಾಯಿತು. ಆ ಜಾಗಕ್ಕೆ ನೀವು ಬಸ್ ಡಿಪೋ ಎಂದು ಗುರುತು ಹಾಕಿದ್ದಿರಿ. ಡಿಪೋ ಬರಲೇ ಇಲ್ಲ. ಬಾವಿ ಹೋಗಲೂ ಇಲ್ಲ. ನೂರೈವತ್ತೆಂಟು ವರ್ಷಗಳಿಂದ ಅದು ಇದ್ದೂ ಇಲ್ಲದಂತಿದೆ.

ತಾರೀಖು ನೋಡಿ ನಕ್ಕಿದ್ದರೆ ತಪ್ಪು ನಿಮ್ಮದಲ್ಲ. ನಮ್ಮ ಕಾಲದಲ್ಲಿ ತಿಂಗಳುಗಳನ್ನು ಸಮ ಮಾಡಿದ್ದಾರೆ. ಫೆಬ್ರವರಿಗೂ ಮೂವತ್ತು ದಿನ. ಕೆಲವು ಶಬ್ದಗಳೂ ನಿಮಗೆ ಒರಟಾಗಿ ಕಾಣಬಹುದು, ಕ್ಷಮಿಸಿ. ಈ ಕಾಗದ ಬರುತ್ತಿರುವುದು ಹಿಂಟಪಾಲಿನಲ್ಲಿ. ಅದು ಹಿಂದಿನವರಿಗೆ ಬರೆದದ್ದನ್ನು ಒಯ್ಯುವ ಅಂಚೆ. ಒಂದು ಓಣಿಗೆ ಹತ್ತು ವರ್ಷಕ್ಕೊಮ್ಮೆ ಒಂದು ಲಕೋಟೆ. ಕಳೆದ ಸಲ ಯಾರೋ ತಮ್ಮ ಮುತ್ತಜ್ಜಿಗೆ ಸೊಸೆಯ ಮೇಲೆ ಚಾಡಿ ಬರೆದು ಅದನ್ನು ಮುಗಿಸಿದರು. ಈ ಸಲ ಓಣಿಯವರು ನನಗೆ ಒಪ್ಪಿಸಿದ್ದಾರೆ. ನಾನು ಹೇಮಾವತಿ ದಿಡ್ಡಿಮನಿ. ವಯಸ್ಸು ಅರವತ್ತೆಂಟು. ಓಣಿಯ ವಾಚನಾಲಯ ನೋಡಿಕೊಳ್ಳುತ್ತೇನೆ. ದಣಿದಿದ್ದೇನೆ, ಆದರೂ ಕ್ರಮವಾಗಿ ಬರೆಯುತ್ತೇನೆ.

ನಮ್ಮಲ್ಲಿ ಬರಿಗಣ್ಣಿನಿಂದ ನೋಡಿದ್ದು ಲೆಕ್ಕಕ್ಕಿಲ್ಲ. ಕಚೇರಿ ಕೆಲಸದವರೆಲ್ಲ ತಾಳೆಗಣ್ಣು ಹಾಕಿಕೊಳ್ಳಬೇಕು. ಅದು ಕನ್ನಡಕದಂಥದ್ದು, ಎದುರಿಗಿರುವುದನ್ನು ಮೊದಲು ನಕ್ಷೆಯೊಂದಿಗೆ ತಾಳೆ ನೋಡಿ, ಹೊಂದದ್ದನ್ನು ಒರೆಸಿ, ಆಮೇಲೆ ಕಣ್ಣಿಗೆ ಬಿಡುತ್ತದೆ. ಚಿತ್ರ ತೆಗೆಯುವ ಯಂತ್ರಗಳೂ ಹಾಗೆಯೇ. ಬಾವಿಯ ದಂಡೆಯ ಮೇಲೆ ಕೂತ ಮದುಮಕ್ಕಳ ಚಿತ್ರ ತೆಗೆದರೆ ಅವರು ಬಯಲಿನಲ್ಲಿ, ಗಾಳಿಯ ಮೇಲೆ ಕೂತಂತೆ ಬರುತ್ತದೆ. ನಮ್ಮ ಓಣಿಯಲ್ಲಿ ಎಲ್ಲರ ಮದುವೆಯ ಚಿತ್ರವೂ ಹೀಗೆಯೇ ಇದೆ. ಮಕ್ಕಳು ಅದನ್ನು ನೋಡಿ ನಗುವುದನ್ನೂ ಬಿಟ್ಟಿದ್ದಾರೆ. ಬಣ್ಣದ ಬಾವಿ ಎಂದು ಅದರ ಹೆಸರು. ಇಲ್ಲಿನ ಅರವತ್ತೆರಡು ಮನೆಗಳು ನೂಲಿಗೆ ಬಣ್ಣ ಹಾಕಿ ಬದುಕುತ್ತವೆ. ಬೇರೆ ನೀರಿನಲ್ಲಿ ನೀಲಿ ಸರಿಯಾಗಿ ಹತ್ತುವುದಿಲ್ಲ. ಬೆಳಗಾದರೆ ಹಗ್ಗದ ಸದ್ದು, ಹಬೆಯಾಡುವ ಹಂಡೆಗಳು, ಗೋಡೆಯುದ್ದಕ್ಕೂ ತೂಗುವ ಹಸಿ ನೂಲಿನ ಲಡಿಗಳು. ಇಷ್ಟೇ ನಮ್ಮ ಊರು, ಇಷ್ಟೇ ನಮ್ಮ ಸಂಪತ್ತು.

ಹೋದ ವರ್ಷ ಜಲಮಂಡಳಿ, ಪಟ್ಟಿಯಲ್ಲಿಲ್ಲದ ಬಾವಿಗಳನ್ನೆಲ್ಲ ಮುಚ್ಚಬೇಕೆಂದು ಆಜ್ಞೆ ಮಾಡಿತು. ನಾವು ತಕರಾರು ಹಾಕಿದೆವು. ಜಾಗ ಅಳೆಯುವ ಮೋಜಣಿ ಸಾಹೇಬರೊಬ್ಬರು ತಾಳೆಗಣ್ಣು ಹಾಕಿಕೊಂಡು ಬಂದು ನೆಟ್ಟಗೆ ಬಾವಿಯ ಕಡೆಗೇ ನಡೆದರು. ದಂಡೆ ಒಡೆದ ಕಡೆ ಇನ್ನೊಂದು ಹೆಜ್ಜೆ ಇಡಬೇಕು, ಅಷ್ಟರಲ್ಲಿ ಬಣ್ಣಗಾರ ದಾನಪ್ಪ ಬಸರಗಿ ಅವರ ಅಂಗಿ ಹಿಡಿದು ಜಗ್ಗಿದ.

“ಸಾವಕಾಶ್ರೀ ಸಾಹೇಬ್ರ. ಇಲ್ಲದ ಬಾವ್ಯಾಗ ಬಿದ್ರ ತಗಿಯೂದು ಭಾಳ ತ್ರಾಸ್ರೀ.”

“ಇಲ್ಲಿ ಏನೂ ಕಾಣ್ಸೂದಿಲ್ಲಲ್ಲೋ.”

“ಕನ್ನಡಕ ತಗೀರಿ, ಕಾಣ್ತೈತಿ.”

“ಕೆಲಸದ ಹೊತ್ತಿನ್ಯಾಗ ತಗಿಯೂ ಹಂಗಿಲ್ಲಪ್ಪ,” ಎಂದರು ಅವರು, ಸಣ್ಣ ದನಿಯಲ್ಲಿ. ನಂತರ ‘ಸಪಾಟು ಜಾಗ, ನಿವಾಸಿಗಳಿಂದ ಅಡ್ಡಿ’ ಎಂದು ವರದಿ ಬರೆದರು.

ಆಗ ನಾನು ಹಳೆಯ ಸಾಕ್ಷ್ಯದ ಕಾಯಿದೆಗಳನ್ನು ತೆಗೆದು ಕೂತೆ. ಬೆಳ್ಳಿಯ ಲೇಪದ ಮೇಲೆ ಬೆಳಕು ತಾನೇ ಮೂಡಿಸಿದ ನೆಗೆಟಿವ್ ಸಾಕ್ಷಿಯಾಗಿ ನಡೆಯುತ್ತದೆ ಎಂಬ ಒಂದು ಕಲಮನ್ನು ರದ್ದು ಮಾಡಲು ಎಲ್ಲರೂ ಮರೆತಿದ್ದರು. ವಾಚನಾಲಯದ ಕಪಾಟಿನಲ್ಲಿ ಎಂದೋ ಯಾರೋ ಕೊಟ್ಟುಹೋದ ಒಂದು ಲೋಹದ ಯಂತ್ರ ಚರ್ಮದ ಚೀಲದಲ್ಲಿತ್ತು. ಜತೆಗೆ ಗೆದ್ದಲು ಹಿಡಿದ ಒಂದು ಕೈಪಿಡಿ. ಅದರ ನೆರವಿನಿಂದ ಅದು ರೇಂಜ್‌ಫೈಂಡರ್ ಕ್ಯಾಮೆರಾ ಎಂದು ಗುರುತಿಸಿದೆ. ನಿಮ್ಮ ಮನೆಗಳಲ್ಲಿ ಇಂಥದ್ದು ಇನ್ನೂ ಬಿದ್ದಿರಬಹುದು, ಗುರುತು ಹೇಳುತ್ತೇನೆ. ನೆತ್ತಿ ಚಪ್ಪಟೆ, ನಡುವೆ ಗೂನು ಇಲ್ಲ. ಮುಂದೆ ಲೆನ್ಸಿನ ಮೇಲ್ಗಡೆ ಒಂದು ದೊಡ್ಡ ಕಿಟಕಿ, ಸ್ವಲ್ಪ ದೂರದಲ್ಲಿ ಒಂದು ಪುಟ್ಟ ಕಿಟಕಿ. ಹಿಂದಿನಿಂದ ಕಣ್ಣಿಟ್ಟರೆ ನೋಟದ ನಡುವೆ ಹಳದಿ ಚೌಕವೊಂದು ಕಾಣುತ್ತದೆ, ಅದರಲ್ಲಿ ಎದುರಿನ ವಸ್ತು ಎರಡೆರಡಾಗಿ. ಲೆನ್ಸಿನ ಉಂಗುರ ತಿರುವುತ್ತ ಹೋದರೆ ಎರಡೂ ಸರಿದು ಒಂದಾಗುತ್ತವೆ. ಒಂದಾದಾಗ ದೂರ ಸರಿಯಾಯಿತೆಂದು ಅರ್ಥ. ಇದೂ ಒಂದು ಬಗೆಯ ತಾಳೆಯೇ. ಆದರೆ ನಕ್ಷೆಯೊಂದಿಗಲ್ಲ, ಎದುರಿಗಿರುವ ವಸ್ತುವಿನೊಂದಿಗೆ, ನಮ್ಮದೇ ಕೈಯಿಂದ.

ಮೊದಲು ಫಿಲ್ಮ್ ಹಾಕಬೇಡಿ. ಹಿಂಬಾಗಿಲು ತೆರೆದು, ಲೆನ್ಸಿನ ಮೂಲಕ ಆಕಾಶ ನೋಡುತ್ತ ಗುಂಡಿ ಒತ್ತಿ. ನಿಧಾನದ ವೇಗದಲ್ಲಿ ಬೆಳಕು ನಿಧಾನಕ್ಕೆ, ಜೋರಿನ ವೇಗದಲ್ಲಿ ಚಕ್ಕನೆ ಮಿನುಗಬೇಕು. ನಮ್ಮದರಲ್ಲಿ ಬೆಳಕಿಗೆ ತೆರೆದು ಮುಚ್ಚುವ ತೆಳು ಎಲೆಗಳು ಹಳೆಯ ಎಣ್ಣೆಗೆ ಅಂಟಿದ್ದವು, ಸ್ಪಿರಿಟ್ ತಾಗಿಸಿ ಬಿಡಿಸಿದೆವು. ಗಾಜಿನೊಳಗೆ ಜೇಡರಬಲೆಯಂಥ ಬೂಷ್ಟು ಇದೆಯೇ ನೋಡಿ. ದೂರದ ನೀರಿನ ಟಾಕಿಯತ್ತ ಹಿಡಿದು, ಉಂಗುರವನ್ನು ಕೊನೆಯವರೆಗೆ ತಿರುವಿದಾಗ ಎರಡು ಟಾಕಿ ಒಂದಾಗದಿದ್ದರೆ ರಿಪೇರಿ ಬೇಕು. ಬಾಗಿಲಿನ ಅಂಚಿನಲ್ಲಿ ಬೆಳಕು ತಡೆಯುವ ಪಟ್ಟಿ ಪುಡಿಯಾಗಿರುತ್ತದೆ. ದಾನಪ್ಪ ಅಲ್ಲಿ ಕಪ್ಪು ಉಣ್ಣೆಯ ನೂಲು ಕೂರಿಸಿದ. ಫಿಲ್ಮ್ ಹಾಕಿ ಸುತ್ತುವಾಗ ಎಡಗಡೆಯ ಗುಬುಟು, ಅಂದರೆ ತಿರುವುವ ಗುಂಡಿ, ತಾನೂ ತಿರುಗುತ್ತಿರಬೇಕು. ತಿರುಗದಿದ್ದರೆ ಫಿಲ್ಮ್ ಸಿಕ್ಕಿಲ್ಲ, ನೀವು ಸುಮ್ಮನೆ ಗುಂಡಿ ಒತ್ತುತ್ತಿದ್ದೀರಿ. ಫಿಲ್ಮಿನ ಡಬ್ಬಿಯ ಮೇಲೆ ನೂರು ಎಂದಿದ್ದರೆ ಒಳ್ಳೆಯ ಬಿಸಿಲಿನಲ್ಲಿ ಲೆನ್ಸಿನ ಕಿಂಡಿ ಹದಿನಾರಕ್ಕೆ, ವೇಗ ನೂರಿಪ್ಪತ್ತೈದಕ್ಕೆ ಇಡಿ. ಬ್ಯಾಟರಿ ಬೇಡ, ಯಾರ ಅಪ್ಪಣೆಯೂ ಬೇಡ.

ನಮಗೆ ಡಬ್ಬಿ ಎಲ್ಲಿಂದ ಬರಬೇಕು? ಔಷಧಿ ಕಾಸುವ ಗಂಗಮಾಳವ್ವ ಹಳೆಯ ಫಿಲ್ಮಿನ ಲೇಪ ತೊಳೆದು, ಅದೇ ಪಟ್ಟಿಗೆ ಹೊಸದಾಗಿ ಬೆಳ್ಳಿ ಬಳಿದಳು. ಅದಕ್ಕೆ ಬೇಕಾದ ಬೆಳ್ಳಿ ಅವಳ ತಾಯಿಯ ಕಾಲುಂಗುರಗಳದ್ದು. ನಾಲ್ಕು ತಿಂಗಳ ಕೆಲಸಕ್ಕೆ ಹನ್ನೆರಡು ಚಿತ್ರಗಳಷ್ಟು ಪಟ್ಟಿ ಸಿಕ್ಕಿತು.

ಬಾವಿಯ ಪಕ್ಕ ಓಣಿಯಲ್ಲೇ ಹಿರಿಯಳಾದ, ತೊಂಬತ್ತನಾಲ್ಕರ ಈರವ್ವಾಯಿಯನ್ನು ನಿಲ್ಲಿಸಿ ನಾನೇ ಚಿತ್ರ ತೆಗೆದೆ. ನಾಲ್ಕು ತೆಗೆದಾದ ಮೇಲೆ ಆಕೆ, “ಹೇಮಾ, ಅದರ ಮೂಗಿಗೆ ಯಾಕ ಮುಚ್ಚಳ ಹಾಕೀದಿ?” ಎಂದಳು. ಈ ಜಾತಿಯ ಕ್ಯಾಮೆರಾದಲ್ಲಿ ನೋಡುವ ಕಿಟಕಿ ಬೇರೆ, ಲೆನ್ಸು ಬೇರೆ. ಮುಚ್ಚಳ ಹಾಕಿದ್ದರೂ ನೋಟ ಸೊಗಸಾಗಿ ಕಾಣುತ್ತದೆ. ಮುಚ್ಚಳ ತೆಗೆದು ಉಳಿದ ಎಂಟನ್ನು ತೆಗೆದೆ.

ಇಲ್ಲಿ ನಮ್ಮ ಓಣಿಯ ಒಂದು ಕಟ್ಟಳೆ ಹೇಳಬೇಕು. ತಾಳೆಗಣ್ಣು ಬಂದಾಗಿನಿಂದ, ಯಾರ ಚಿತ್ರ ತೆಗೆದರೂ ನಿಂತ ಜಾಗದಲ್ಲೇ ಅವರಿಗೆ ತೋರಿಸಿ ‘ಹೌದು, ಇದು ನಾನು’ ಅನ್ನಿಸಿಕೊಳ್ಳದೆ ಒಯ್ಯುವಂತಿಲ್ಲ. ತೋರಿಸದೆ ಒಯ್ಯುವುದು ಕಳ್ಳತನ. ನಾನು ಗಂಗಮಾಳವ್ವನಿಗೆ ಸುದ್ದಿ ಹೇಳಲು ಆ ಕಡೆ ತಿರುಗಿದ್ದೆ.

“ತಮ್ಮಾ ದಾನಪ್ಪ, ನನಗ ತೋರ್ಸಲ್ಲೇನು?” ಎಂದಳು ಈರವ್ವಾಯಿ.

“ತೋರ್ಸದೇ ಬಿಡ್ತೀವೇನಬೇ ಆಯಿ,” ಎಂದು ದಾನಪ್ಪ ಮರ್ಯಾದೆಯಿಂದ ಹಿಂಬಾಗಿಲು ತೆರೆದ. ನೆರಳಿನಲ್ಲೇ, ನಾಲ್ಕೈದು ಉಸಿರಿನಷ್ಟು ಹೊತ್ತು. ಆಯಿ ಬಗ್ಗಿ ನೋಡಿ, “ಬರೇ ಬೂದಿ ಬಣ್ಣ ಐತಲ್ಲೋ, ನಾ ಎಲ್ಲಿ ಅದೀನಿ?” ಎಂದಳು.

ಅಡಿಯಲ್ಲಿರುವ ಸಣ್ಣ ಗುಂಡಿ ಒತ್ತಿ, ಎಡಗಡೆಯ ಗುಬುಟು ತಿರುವಿ, ಫಿಲ್ಮನ್ನೆಲ್ಲ ಡಬ್ಬಿಯೊಳಕ್ಕೆ ಹಿಂದಕ್ಕೆ ಸುತ್ತಿ, ಕೈಗೆ ಹಗುರವಾದ ಮೇಲೆಯೇ ಬಾಗಿಲು ತೆರೆಯಬೇಕು. ಇಲ್ಲದಿದ್ದರೆ ಬೆಳಕು ತಾಗಿ ಚಿತ್ರ ಹೋಗುತ್ತದೆ. ಇದನ್ನು ನಾನು ದಾನಪ್ಪನಿಗೆ ಹೇಳಿರಲಿಲ್ಲ. ಯಾರನ್ನೂ ಬೈಯಲಿಲ್ಲ.

ತೊಳೆದಾಗ ಸುರುಳಿಯ ಹೊರಗಿನ ಏಳು ಚಿತ್ರಗಳು ಪೂರ್ತಿ ಕಪ್ಪಾಗಿದ್ದವು. ಸುರುಳಿಯ ಒಳಗೆ ಅಡಗಿ ಉಳಿದ ಮೊದಲ ನಾಲ್ಕು, ಮುಚ್ಚಳ ಹಾಕಿ ತೆಗೆದವು, ಖಾಲಿ. ಐದನೆಯದೊಂದು ಉಳಿಯಿತು. ಅಂಚು ಸುಟ್ಟಂತಿದೆ, ಆಯಿಯ ಮುಖ ಹೋಗಿದೆ. ಆದರೆ ದಂಡೆ ಇದೆ, ರಾಟೆ ಇದೆ, ಹಗ್ಗದ ಮೇಲೆ ಆಕೆಯ ಕೈ ಇದೆ. ಆಯಿ ಅದನ್ನು ಬೆಳಕಿಗೆ ಹಿಡಿದು ನೋಡಿ, “ಹೌದು, ಇದು ನಂದ ಕೈ,” ಎಂದು ಅಪ್ಪಣೆ ಕೊಟ್ಟಳು.

ಅದನ್ನು ಮಂಡಳಿಯ ಮುಂದಿಟ್ಟೆವು. ಅವರು ಬೆಳ್ಳಿಯನ್ನು ಪರೀಕ್ಷಿಸಿ, ಬಾವಿ ಇದೆ ಎಂದು ಒಪ್ಪಿದರು. ಒಪ್ಪಿ, ಇನ್ನೊಂದು ಪ್ರಶ್ನೆ ಹಾಕಿದರು: 2036ರ ಕೊನೆಗೆ ನಕ್ಷೆ ಜಾರಿಗೆ ಬರುವ ಮುಂಚೆಯೂ ಇತ್ತೇ? ಇತ್ತೆಂದು ತೋರಿಸದಿದ್ದರೆ, ನಕ್ಷೆಯ ನಂತರ ಅಪ್ಪಣೆಯಿಲ್ಲದೆ ತೋಡಿದ್ದೆಂದು ತಿಳಿದು ಮುಚ್ಚಲಾಗುವುದು. ಯುಗಾದಿಯವರೆಗೆ ವಾಯಿದೆ. ನೀವು ಕರಗಿಸಿದ ನಲವತ್ತೊಂದು ಸಾವಿರದಲ್ಲಿ ಆ ದಂಡೆಯ ಮೇಲೆ ಕೂತ ಮದುಮಕ್ಕಳು ಎಷ್ಟು ಜನ ಇದ್ದರೋ, ಈಗ ಎಣಿಸಿ ಫಲವಿಲ್ಲ.

ಹಾಗಾಗಿ ಊರವರಲ್ಲಿ ಕೇಳುತ್ತೇನೆ: ಈ ಲಕೋಟೆ ಠರಾವಿನ ಮರುವಾರ ನಿಮ್ಮ ಕೈಸೇರುತ್ತದೆ, ನಕ್ಷೆ ಜಾರಿಗೆ ಬರಲು ಇನ್ನೂ ತಿಂಗಳುಗಳಿವೆ. ನಿಮ್ಮ ಕಣ್ಣಿಗೆ ಇನ್ನೂ ಯಾರೂ ಏನೂ ಕಟ್ಟಿಲ್ಲ. ಯಾರ ಮನೆಯಲ್ಲಾದರೂ ಇಂಥ ಕ್ಯಾಮೆರಾ ಇದ್ದರೆ ಮುಚ್ಚಳ ತೆಗೆದು, ಆ ದಿನದ ಪತ್ರಿಕೆಯನ್ನು ದಂಡೆಯ ಮೇಲಿಟ್ಟು, ಬಾವಿಯ ಚಿತ್ರ ತೆಗೆಯಿರಿ. ತೊಳೆಸಿದ ನೆಗೆಟಿವನ್ನು ಗಾಜಿನ ಭರಣಿಯಲ್ಲಿ ಮೇಣ ಹಾಕಿ ಮುಚ್ಚಿ, ವಾಚನಾಲಯದ ಹೊಸ್ತಿಲ ಕೆಳಗೆ ಇಡಿ. ಹೊಸ್ತಿಲು ಈಗಲೂ ಅದೇ ಇದೆ. ನಾವು ಅಗೆಯುತ್ತೇವೆ.

ಸದಸ್ಯರಿಗೆ ಬೇಡಿಕೆ ಬೇರೆ. ನಿಮ್ಮ ಕಾಗದ ನಮಗೆ ಬೇಡ, ಕಾಗದವನ್ನು ತಿದ್ದುತ್ತಾರೆ. ಈ ಸೀಮೆಯಲ್ಲಿ ಸಾವಿರ ವರ್ಷದ ಹಿಂದಿನವರು ಒಂದು ಕೆರೆಗೆ ಬಿಟ್ಟ ಗದ್ದೆಯ ಅಳತೆಯನ್ನೂ ಕಲ್ಲಿನಲ್ಲಿ ಕೆತ್ತಿಸಿ, ಕೆತ್ತಿದವನ ಹೆಸರನ್ನೂ ಬರೆಸಿದರು. ನೀವೂ ಹಾಗೆ ಮಾಡಿರಿ. ನಗರಸಭೆಯ ಬಾಗಿಲ ಎದುರು, ಹೋಗಿಬರುವವರೆಲ್ಲ ಓದುವಂತೆ ಒಂದು ಕಲ್ಲು ನಿಲ್ಲಿಸಿ, ಠರಾವಿಗೆ ಕೈ ಎತ್ತಿದ ಪ್ರತಿಯೊಬ್ಬರ ಹೆಸರಿನೊಂದಿಗೆ ಈ ಒಂದು ಪ್ರಶ್ನೆಗೆ ಉತ್ತರ ಕೆತ್ತಿಸಿರಿ: 2036ರ ಮಾರ್ಚ್ 14ರ ಶುಕ್ರವಾರ ಬೆಳಿಗ್ಗೆ, ನೀವು ಸಭೆಗೆ ಹೊರಟಾಗ, ಬಣ್ಣಗಾರರ ಓಣಿಯಲ್ಲಿ ಬಾವಿ ಇತ್ತೇ, ಇರಲಿಲ್ಲವೇ?